ಹೊರಗೆ ಹಚ್ಚಲು ಮಾತ್ರ

ಮೊಣಕಾಲಿಗೆ ಹಚ್ಚುವ ಔಷಧಿ ಎಂದು ದಾನಪ್ಪ ಹೇಳಿದ್ದೇ ಎಲ್ಲ ಅನಾಹುತಕ್ಕೂ ಮೂಲ.

ಹೇಳದೆ ಇನ್ನೇನು ಮಾಡಬೇಕಿತ್ತು? ಶುಕ್ರವಾರ ಸಂಜೆ ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡಿನ ಆಫೀಸಿನಿಂದ ಲಿವೋನಿಯಾದ ಮನೆಗೆ ಬಂದವನು, ಬೇಸ್‌ಮೆಂಟಿನ ಮೆಟ್ಟಿಲ ಕೆಳಗೆ ಹಳೆಯ ಟ್ಯಾಕ್ಸ್ ಕಾಗದಗಳ ಪೆಟ್ಟಿಗೆಯ ಹಿಂದೆ ಬಚ್ಚಿಟ್ಟಿದ್ದ ಬಾಟಲಿಯನ್ನು ಅಡುಗೆಮನೆಗೆ ತಂದು ಧೂಳು ಒರೆಸುತ್ತಿದ್ದ. ಅತ್ತೆ ಶಿವಕ್ಕ ದೇವಸ್ಥಾನದಿಂದ ಬರುವುದು ಇನ್ನೂ ಒಂದು ಗಂಟೆ ತಡ ಎಂದು ಹೆಂಡತಿ ಶಾಂಭವಿ ಭರವಸೆ ಕೊಟ್ಟಿದ್ದಳು. ಭಜನೆಯವರಿಗೆ ಗಂಟಲು ಕಟ್ಟಿತೋ, ಹಾರ್ಮೋನಿಯಂ ಕೈಕೊಟ್ಟಿತೋ, ಅತ್ತೆ ಬೇಗನೆ ಬಂದು ಬೆನ್ನ ಹಿಂದೆಯೇ ನಿಂತಿದ್ದರು.

"ಇದೇನ್ರೀ ಅಳಿಯಂದ್ರ, ಇಷ್ಟು ಚೆಂದನ ಬಾಟ್ಲಿ?"

ಇಳಕಲ್ಲಿನ ಶಿವಕ್ಕ ಹಣೆಯ ಮೇಲೆ ವಿಭೂತಿ ಧರಿಸುವ, ಬೆಳಿಗ್ಗೆ ಸಂಜೆ ಲಿಂಗಪೂಜೆ ತಪ್ಪಿಸದ ಹೆಣ್ಣುಮಗಳು. ಮಗಳನ್ನು ಕೊಡುವಾಗ ಅವರ ಮನೆಯವರು ದಾನಪ್ಪನನ್ನು ಕೇಳಿದ್ದು ಅವನ ಸಂಬಳವನ್ನಲ್ಲ, ಹೊಲವನ್ನಲ್ಲ. "ಕುಡಿಯೂ ಚಟಾ ಏನರ ಐತೇನು?" ಎಂದು ಕೇಳಿದ್ದರು. ಇಲ್ಲವೆಂದು ಅವನು ಮಠದ ಅಯ್ಯನವರ ಎದುರು ಹೇಳಿದ್ದ. ಆ ಮಾತಿನ ಮೇಲೆ ಅತ್ತೆಯ ಕಣ್ಣಲ್ಲಿ ಅವನು ಇಪ್ಪತ್ತು ವರ್ಷದಿಂದ ಶರಣನಾಗಿ ಬಾಳಿದ್ದ. ಅದನ್ನು ಒಂದು ಸಂಜೆಯಲ್ಲಿ ಕಳೆದುಕೊಳ್ಳುವುದು ಹೇಗೆ?

"ಔಷಧಿರೀ ಅತ್ತಿ. ಮೊಣಕಾಲು ನೋವಿಗೆ ಹಚ್ಚೂದು. ಹೊರಗ ಹಚ್ಚೂದು ಅಷ್ಟ, ಒಳಗ ಹ್ವಾದ್ರ ವಿಷ."

"ಹೌದೇನು?" ಎಂದ ಶಿವಕ್ಕ ತಮ್ಮ ಎರಡೂ ಮೊಣಕಾಲುಗಳನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಆ ಮುಟ್ಟುವಿಕೆಯ ಅರ್ಥ ಅವನಿಗೆ ಆಗಲೇ ಹೊಳೆಯಬೇಕಿತ್ತು. ಮತ್ತೆ ಬಚ್ಚಿಟ್ಟರೆ ಅನುಮಾನ ಬಂದೀತೆಂದು ಬಾಟಲಿಯನ್ನು ಅಡುಗೆಮನೆಯಲ್ಲೇ ಬಿಟ್ಟ.

ಆ ಬಾಟಲಿಯಲ್ಲಿ ಇದ್ದದ್ದು ಡನ್‌ವ್ಯಾರಿಕ್. ಅದು ಅಂತಿಂಥ ವಿಸ್ಕಿಯಲ್ಲ. ಸ್ಕಾಟ್ಲೆಂಡಿನ ಪಡುವಣ ಕಡಲಿನಲ್ಲಿ, ಗಾಳಿಯ ಹೊಡೆತಕ್ಕೆ ಒಂದು ಮರವೂ ನಿಲ್ಲದ ದ್ವೀಪವೊಂದರಲ್ಲಿ, ಇಬ್ಬರು ಅಣ್ಣತಮ್ಮಂದಿರು ಕಳ್ಳಭಟ್ಟಿಯಾಗಿ ಶುರುಮಾಡಿದ್ದು. ಸುಂಕದವರು ದೋಣಿ ಹತ್ತಿ ಬಂದರೆಂದರೆ ಊರವರು ಪೀಪಾಯಿಯನ್ನು ಶವಪೆಟ್ಟಿಗೆಯಲ್ಲಿಟ್ಟು ಸುತ್ತ ಕೂತು ಅಳುತ್ತಿದ್ದರಂತೆ. ಆಮೇಲೆ ಲೈಸೆನ್ಸ್ ಬಂತು, ಮರ್ಯಾದೆ ಬಂತು. ಸೌದೆ ಸಿಗದ ಊರಾದ್ದರಿಂದ ಪೀಟ್ ಎಂಬ ಕಪ್ಪು ಮಣ್ಣಿನ ಹೆಂಟೆಗಳನ್ನು ನೆಲದಿಂದ ಕಡಿದು ಒಣಗಿಸಿ, ಅದನ್ನು ಉರಿಸಿದ ಹೊಗೆಯಲ್ಲಿ ಬಾರ್ಲಿಯನ್ನು ಒಣಗಿಸುತ್ತಿದ್ದರು. ಒಮ್ಮೆ ಬೆಂಕಿ ಬಿದ್ದು ತಾಮ್ರದ ಹಂಡೆ ಹಾಳಾದಾಗ, ಹೊಸ ಹಂಡೆಯಲ್ಲೂ ಹಳೆಯದರ ನೆಗ್ಗನ್ನು ಇದ್ದ ಜಾಗದಲ್ಲೇ ಬಡಿದು ಮೂಡಿಸಿದರು, ರುಚಿ ಎಲ್ಲಿ ಕೆಡುತ್ತದೋ ಎಂಬ ಭಯಕ್ಕೆ. ಅಷ್ಟು ಜೋಪಾನ ಮಾಡಿದರೂ ಎಂಬತ್ತರ ದಶಕದಲ್ಲಿ ವಿಸ್ಕಿ ಕೇಳುವವರಿಲ್ಲದೆ ಭಟ್ಟಿ ಮುಚ್ಚಿತು, ಹಂಡೆ ಗುಜರಿಗೆ ಹೋಯಿತು. ಇನ್ನು ಆ ವಿಸ್ಕಿಯನ್ನು ಯಾರೂ ಇಳಿಸುವಂತಿಲ್ಲ, ಇದ್ದಷ್ಟೇ.

ಇದನ್ನೆಲ್ಲ ದಾನಪ್ಪ ಡೆಟ್ರಾಯಿಟ್ ಸುತ್ತಿನ ಕನ್ನಡದ ಗಂಡಸರಿಗೆ ಎಷ್ಟು ಸಲ ಹೇಳಿದ್ದನೆಂದರೆ, ಅವನು "ಆ ದ್ವೀಪದಾಗ" ಎಂದು ಬಾಯಿ ತೆರೆದ ಕೂಡಲೆ ಅರ್ಧ ಜನಕ್ಕೆ ಮನೆಯ ನೆನಪಾಗುತ್ತಿತ್ತು. ಅವನ ಗೆಳೆಯ ಚಿದಂಬರ ಒಬ್ಬನೇ ಕೊನೆಯತನಕ ಕೂತು ಕೇಳುವವನು. ಮೈಸೂರಿನ ಚಿದಂಬರ ಈಗ ಶಿಕಾಗೋ ಪಕ್ಕದ ಡೌನರ್ಸ್ ಗ್ರೋವ್‌ನಲ್ಲಿ ಡಾಕ್ಟರು. ಹದಿನೈದು ವರ್ಷದ ಹಿಂದೆ ಇಬ್ಬರೂ ಕೂಡಿ ಸ್ಕಾಟ್ಲೆಂಡಿಗೆ ಹೋದಾಗ, ಹಳೆಯ ಅಂಗಡಿಯ ಮುದುಕನೊಬ್ಬ ಒಂದೇ ಪೀಪಾಯಿಯ ಎರಡು ಬಾಟಲಿ ತೋರಿಸಿ, ಆಗಲೇ ತೆರೆದಿದ್ದ ಇನ್ನೊಂದರಿಂದ ಒಂದೊಂದು ಗುಟುಕು ಕುಡಿಸಿದ್ದ. ಮೊದಲು ಹೊಗೆ, ಆಮೇಲೆ ಆಸ್ಪತ್ರೆಯ ಟಿಂಚರ್ ವಾಸನೆ, ನಾಲಗೆಯ ಮೇಲೆ ಕಡಲ ಉಪ್ಪು, ಇನ್ನೇನು ಮುಗಿಯಿತು ಎನ್ನುವಾಗ ಗಂಟಲಲ್ಲಿ ಮೆಲ್ಲಗೆ ಜೇನು. ದಾನಪ್ಪನ ಕಣ್ಣಲ್ಲಿ ನೀರು ಬಂದಿತ್ತು. ಆಳಿಗೊಂದು ಬಾಟಲಿ ಕೊಂಡು, ಇಬ್ಬರಿಗೂ ಐವತ್ತು ತುಂಬಿದ ವರ್ಷ ಎರಡನ್ನೂ ಒಂದೇ ದಿನ ಒಡೆಯಬೇಕೆಂದು ಮಾತಾಡಿಕೊಂಡಿದ್ದರು. ಆ ದಿನವೇ ಈ ಶನಿವಾರ. ಚಿದಂಬರ ತನ್ನ ಬಾಟಲಿ ಹಿಡಿದು ಡ್ರೈವ್ ಮಾಡಿಕೊಂಡು ಬರುವವನಿದ್ದ.

ಶನಿವಾರ ಬೆಳಿಗ್ಗೆ ದಾನಪ್ಪನಿಗೆ ಎಚ್ಚರವಾದದ್ದು ಒಂದು ವಾಸನೆಯಿಂದ. ಹಾಸಿಗೆಯಲ್ಲೇ ಮೂಗರಳಿಸಿದ. ಹೊಗೆ. ಟಿಂಚರ್. ಕಡಲು. ಕನಸು ಎಂದುಕೊಂಡ. ಕನಸು ಮೆಟ್ಟಿಲು ಹತ್ತಿ ಬರುತ್ತಿದೆ ಎನಿಸಿದಾಗ ಚಪ್ಪಲಿಯನ್ನೂ ಮೆಟ್ಟದೆ ಕೆಳಗೆ ಓಡಿದ.

ಸೋಫಾದ ಮೇಲೆ ಶಿವಕ್ಕ ಕಾಲು ಚಾಚಿ ಕೂತು, ಬೊಗಸೆಯಲ್ಲಿ ಸುರಿದುಕೊಂಡದ್ದನ್ನು ಮೊಣಕಾಲಿಗೆ ತಿಕ್ಕುತ್ತಿದ್ದರು. ಪಕ್ಕದಲ್ಲಿ ಡನ್‌ವ್ಯಾರಿಕ್ ಮುಚ್ಚಳ ಕಳೆದುಕೊಂಡು ನಿಂತಿತ್ತು. ಹದಿನೈದು ವರ್ಷ ಅವನು ಉಗುರೂ ತಾಗಿಸದೆ ಕಾಪಾಡಿದ್ದ ಅರಗಿನ ಮುದ್ರೆಯನ್ನು ಅತ್ತೆ ತರಕಾರಿ ಹೆಚ್ಚುವ ಚಾಕುವಿನಿಂದ ಕೆತ್ತಿ, ಚೂರುಗಳನ್ನು ಅಚ್ಚುಕಟ್ಟಾಗಿ ಪೇಪರ್ ಟವೆಲಿನಲ್ಲಿ ಕೂಡಿಸಿಟ್ಟಿದ್ದರು.

"ಏನ್ ಔಷಧಿರೀ ಅಳಿಯಂದ್ರ! ಹಚ್ಚಿದ ಕೂಡ್ಲೆ ತಣ್ಣಗ, ಆಮ್ಯಾಲ ಬೆಚ್ಚಗ. ರಾತ್ರಿ ಒಮ್ಮೆ ಹಚ್ಚಿ ಮಲಗಿದ್ನಿ, ನಸಿಕಿನ್ಯಾಗ ಹುಡುಗಿ ಎದ್ದಂಗ ಎದ್ನಿ ನೋಡ್ರಿ."

ರಾತ್ರಿ ಒಮ್ಮೆ! ದಾನಪ್ಪನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಬೆಂಕಿ ಬಿದ್ದ ಭಟ್ಟಿಯನ್ನು ಕಟ್ಟಿ ನಿಲ್ಲಿಸಿದವರು, ಹಂಡೆಯ ನೆಗ್ಗನ್ನೂ ಬಿಡದೆ ಕಾಪಾಡಿದವರು, ಅವರ ಕೊನೆಯ ವಿಸ್ಕಿ ಇಳಕಲ್ಲಿನ ಎರಡು ಮೊಣಕಾಲಿಗೆ! ಎಂಥ ಅನ್ಯಾಯ! ಇದಕ್ಕೆ ಎಲ್ಲಿ ದೂರು ಕೊಡುವುದು?

"ಭಾಳ ಸ್ಟ್ರಾಂಗ್ ಐತ್ರೀ ಅದು, ಸಾಕು ಮಾಡ್ರಿ," ಎಂದು ಬಾಟಲಿಗೆ ಕೈ ಚಾಚಿದ. ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು.

ಬಂದವರು ರೇಣು ಆಂಟಿ. ಅದೇ ಬಡಾವಣೆಯ ಮೂರನೆಯ ಮನೆಯವರು, ಬೆಂಗಳೂರಿನ ಕಡೆಯವರು. ಯಾರ ಮನೆಯ ಒಗ್ಗರಣೆಯಲ್ಲಿ ಇಂಗು ಜಾಸ್ತಿಯಾಯಿತು ಎನ್ನುವುದನ್ನು ಬೀದಿಯಲ್ಲಿ ನಿಂತು ಹೇಳಬಲ್ಲವರು. ಒಳಗೆ ಕಾಲಿಟ್ಟವರೇ ಮೂಗು ಎತ್ತಿದರು.

"ಏನಿದು ಇಷ್ಟು ಘಾಟು? ನಮ್ಮೂರಲ್ಲಿ ಡಾಕ್ಟರ್ ಶಾಪಲ್ಲಿ ಹೀಗೇ ಬರ್ತಿತ್ತು."

"ಅಳಿಯಂದ್ರು ತರಿಸ್ಯಾರ. ಬರ್ರಿ, ನಿಮ್ಮ ಸೊಂಟಕ್ಕೊಂದಿಷ್ಟು ಹಚ್ಚತೀನಿ."

"ಅಯ್ಯೋ ದಾನಪ್ಪ, ಇಂಥಾ ಮೆಡಿಸಿನ್ ಇಟ್ಕೊಂಡು ಒಂದು ಮಾತೂ ಹೇಳ್ಲಿಲ್ವಲ್ಲ! ನಾನಿಲ್ಲಿ ತಿಂಗಳಿಂದ ಸೊಂಟ ಹಿಡ್ಕೊಂಡು ಸಾಯ್ತಿದೀನಿ." ಆಂಟಿಯ ದನಿಯಲ್ಲಿ ನಿಜವಾದ ನೋವಿತ್ತು. ದಾನಪ್ಪ ಕ್ಷಮೆ ಕೇಳಬೇಕಾಯಿತು. ತನ್ನ ವಿಸ್ಕಿಯನ್ನು ಮೂರನೆಯ ಮನೆಯವರ ಸೊಂಟಕ್ಕೆ ಹಚ್ಚದೇ ಇದ್ದ ತಪ್ಪಿಗೆ ಅವನೇ ಕ್ಷಮೆ ಕೇಳಿದ. ಆಂಟಿ ಹೊರಡುವ ಮುನ್ನ, ಮಧ್ಯಾಹ್ನ ಪಕ್ಕದ ಬೀದಿಯ ಹುಡುಗಿ ಪವಿತ್ರಳನ್ನೂ ಕರೆತರುವುದಾಗಿ, ಪಿಕಲ್‌ಬಾಲ್ ಆಡಿ ಆಡಿ ಅವಳ ಮೊಣಕೈ ಹೋಗಿದೆಯೆಂದು, ಭಜನೆ ಗುಂಪಿನ ಉಳಿದವರಿಗೂ ಫೋನ್ ಮಾಡುವುದಾಗಿ ಹೇಳಿದರು.

ದಾನಪ್ಪ ಶಾಂಭವಿಯನ್ನು ಪ್ಯಾಂಟ್ರಿಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದ. "ನೋಡಿದೇನು ನಿಮ್ಮವ್ವ ಏನ್ ಮಾಡ್ಯಾರ? ಚಿದಂಬರ ಐದಕ್ಕ ಬರ್ತಾನ. ಏನ್ ಕುಡಿಸ್ಲಿ ಅವಂಗ, ನಿಮ್ಮವ್ವನ ಮೊಣಕಾಲು ತೊಳದ ನೀರು?"

"ನನ್ನ ಮ್ಯಾಲ್ಯಾಕ ಒದರ್ತೀರಿ? ಔಷಧಿ ಅಂದವರು ಯಾರು? ಹಣ್ಣಿನ ರಸ ಅಂದಿದ್ರ ಆಗ್ತಿರ್ಲಿಲ್ಲೇನು?"

"ಅಂದಿದ್ರ ಕುಡಿದ ಬಿಡ್ತಿದ್ರು!"

"ಹಂಗಾದ್ರ ಹೋಗಿ ಖರೇ ಹೇಳ್ರಿ."

ಖರೇ ಹೇಳುವ ಧೈರ್ಯವಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ದಾನಪ್ಪ ಪ್ಯಾಂಟ್ರಿಯ ಕತ್ತಲಲ್ಲಿ ನಿಂತು ಯೋಚಿಸಿದ. ಯೋಚಿಸುತ್ತ ಕಣ್ಣು ಒಂದು ಶೆಲ್ಫಿನ ಮೇಲೆ ನಿಂತಿತು. ಓಮದ ಅರ್ಕದ ಸೀಸೆ. ಅದರ ಪಕ್ಕ, ಬಾರ್ಬೆಕ್ಯೂ ಮಾಡಲೆಂದು ಎಂದೋ ತಂದಿದ್ದ ಲಿಕ್ವಿಡ್ ಸ್ಮೋಕ್, ಹೊಗೆಯ ವಾಸನೆಯ ದ್ರವ. ಗರಾಜಿನಲ್ಲಿ, ಪಾರ್ಟಿಗೆ ಬಂದು ಕೋಕ್ ಬೆರೆಸಿ ಕುಡಿಯುವ ಪಾಮರರಿಗೆಂದು ಇಟ್ಟಿದ್ದ ದೊಡ್ಡ ಪ್ಲಾಸ್ಟಿಕ್ ಜಗ್ಗಿನ ಅಗ್ಗದ ವಿಸ್ಕಿ. ಹೊಗೆಗೆ ಹೊಗೆ, ಔಷಧಿಗೆ ಔಷಧಿ, ಉರಿಗೆ ಉರಿ. ಅಮೆರಿಕಕ್ಕೆ ಬಂದ ಮೇಲೆ ಇಷ್ಟು ಚೆನ್ನಾಗಿ ತಲೆ ಓಡಿದ್ದು ಇದೇ ಮೊದಲು ಎನಿಸಿ ಅವನಿಗೆ ತನ್ನ ಮೇಲೆಯೇ ಅಭಿಮಾನ ಬಂತು.

ಅತ್ತೆ ಸ್ನಾನಕ್ಕೆ ಹೋದಾಗ ಕೆಲಸ ಮುಗಿಸಿದ. ಉಳಿದಿದ್ದ ಅಸಲಿ ಡನ್‌ವ್ಯಾರಿಕ್ಕನ್ನು ಸುರಿಯಲು ಪಾತ್ರೆ ಬೇಕಿತ್ತು. ಲಾಂಡ್ರಿ ರೂಮಿನ ಕಿಟಕಿಯಲ್ಲಿ ಕಂದು ಬಣ್ಣದ ಖಾಲಿ ಸೀಸೆಯೊಂದಿತ್ತು. ಇಳಕಲ್ಲಿನ ವೈದ್ಯರು ಅತ್ತೆಯ ಹೆಸರು ಬರೆದು ಕೊಟ್ಟ ವಾತದ ಕಷಾಯದ್ದು. ಶಿವಕ್ಕ ಯಾವ ಖಾಲಿ ಸೀಸೆಯನ್ನೂ ಎಸೆಯುವವರಲ್ಲ. ಅದನ್ನು ಬಿಸಿನೀರಲ್ಲಿ ತೊಳೆದು, ಒರೆಸಿ, ಒಂದು ತೊಟ್ಟೂ ಹೊರಗೆ ಬೀಳದಂತೆ ವಿಸ್ಕಿ ತುಂಬಿ, ಬಟ್ಟೆ ಸೋಪಿನ ಡಬ್ಬದ ಹಿಂದೆ ಇಟ್ಟ. ಡನ್‌ವ್ಯಾರಿಕ್ ಬಾಟಲಿಗೆ ಜಗ್ಗಿನ ವಿಸ್ಕಿ, ಅರ್ಕ, ಹೊಗೆ ಮೂರನ್ನೂ ಬೆರೆಸಿ ಕುಲುಕಿ ಸೋಫಾದ ಪಕ್ಕದ ಮೇಜಿನ ಮೇಲೆ ನಿಲ್ಲಿಸಿದ. ಸಂಜೆ ಇದನ್ನು ಚೆಲ್ಲಿ ಅದನ್ನು ಇದಕ್ಕೆ ಸುರಿದರಾಯಿತು. ಶಾಂಭವಿಗೂ ಹೇಳಲಿಲ್ಲ. ಮೂಗು ಮುರಿಯುವವರಿಗೆ ಏನು ಹೇಳುವುದು?

ಮಧ್ಯಾಹ್ನವೆಲ್ಲ ದಾನಪ್ಪ ಮನೆಯ ಮುಂದೆ ಉದುರಿದ ಮೇಪಲ್ ಎಲೆ ಬಾಚಿದ. ರೇಣು ಆಂಟಿ ಪವಿತ್ರಳನ್ನು ಕರೆದುಕೊಂಡು ಬಂದರು. ಅವರ ಹಿಂದೆ ಭಜನೆಯ ಇಬ್ಬರು ಕಾರಿನಿಂದ ಕುಂಟುತ್ತ ಇಳಿದರು. ಎಲ್ಲರನ್ನೂ ಅವನು ಕೈಮುಗಿದು ಬರಮಾಡಿಕೊಂಡ.

"ಅಂಕಲ್, ಸ್ವಲ್ಪ ಜಾಸ್ತಿ ಹಚ್ಕೋಬಹುದಾ? ನಾಳೆ ಟೂರ್ನಮೆಂಟ್ ಇದೆ," ಎಂದಳು ಪವಿತ್ರ.

"ಧಾರಾಳವಾಗಿ ಹಚ್ಕೋಮ್ಮ! ಸಂಕೋಚ ಮಾಡಬೇಡ. ಮುಗಿದ್ರೂ ಚಿಂತೆ ಇಲ್ಲ."

"ಮನೆಗೂ ಒಂದು ಡಬ್ಬಿ ತಗೊಂಡು ಹೋಗ್ಲಾ ದಾನಪ್ಪ?" ಎಂದು ರೇಣು ಆಂಟಿ ಕೇಳಿದರು.

"ಎರಡು ತಗೊಂಡು ಹೋಗಿ ಆಂಟಿ!"

ಕಿಟಕಿಯಿಂದ ತಿಕ್ಕುವ ಸದ್ದು, ಹಾ ಎಂದು ಉಸಿರು ಬಿಡುವ ಸದ್ದು ಕೇಳಿಬರುತ್ತಿತ್ತು. ದಾನಪ್ಪ ಎಲೆ ಬಾಚುವ ಕೋಲಿಗೆ ಒರಗಿ ಒಬ್ಬನೇ ನಕ್ಕ. ತಿಕ್ಕಿಕೊಳ್ಳಿ, ತಿಕ್ಕಿಕೊಳ್ಳಿ, ಓಮದ ಅರ್ಕವನ್ನು ಮನಸಾರೆ ತಿಕ್ಕಿಕೊಳ್ಳಿ! ಕಲಮಝೂ ದಾಟಿದೆನೆಂದು ಚಿದಂಬರ ಫೋನ್ ಮಾಡಿದ. ಆಮೇಲೆ ಆನ್ ಆರ್ಬರ್ ದಾಟಿದೆನೆಂದು ಮಾಡಿದ. "ಗ್ಲಾಸ್ ತೊಳೆದಿಡೋ!" ಎಂದು ಕೂಗಿದ. ದಾನಪ್ಪ ಹಾಡು ಗುನುಗುತ್ತ ಲಾಂಡ್ರಿ ರೂಮಿಗೆ ಹೋದ.

ಸೋಪಿನ ಡಬ್ಬದ ಹಿಂದೆ ಏನೂ ಇರಲಿಲ್ಲ. ಕಿಟಕಿಯಲ್ಲಿ ಕಂದು ಸೀಸೆ ತೊಳೆಸಿಕೊಂಡು ಬೋರಲು ಬಿದ್ದಿತ್ತು.

"ಅತ್ತಿ!" ಅವನ ಬಾಯಿಂದ ಹೊರಟದ್ದು ಕೂಗೋ ಅಳುವೋ ಅವನಿಗೇ ತಿಳಿಯಲಿಲ್ಲ.

ಶಿವಕ್ಕ ಒಗೆದ ಸೀರೆ ಹಿಡಿದು ಬಂದರು. ಅವರ ಕಣ್ಣು ತುಂಬಿತ್ತು. "ನಿಮ್ಮಂಥಾ ಅಳಿಯಾ ಯಾರಿಗೆ ಸಿಗಬೇಕ್ರೀ. ನನ್ನ ಹೆಸರು ಬರದ ಬಾಟ್ಲಿಗೆ, ನನಗಂತನ, ಯಾರಿಗೂ ಹೇಳದಂಗ ಔಷಧಿ ತುಂಬಿಸಿ ಇಟ್ಟೀರಿ. ಸೋಪು ತಗೊಳ್ಳಾಕ ಬಂದಾಗ ಕಂಡೆ, ವಾಸನಿ ನೋಡಿದ್ರ ಅದ! ಅದನ್ನ ಎಲ್ಲಾರಿಗೂ ಹಚ್ಚಿದ್ನಿ. ನೀವೂ ಹೊರಗ ನಿಂತು ಧಾರಾಳ ಹಚ್ಚಕೋರಿ ಅಂತಿದ್ರೆಲ್ಲ, ರೇಣುಗೆ ಎರಡು ಡಬ್ಬಿನೂ ತುಂಬಿ ಕೊಟ್ನಿ."

"ಆ... ಆ ದೊಡ್ಡ ಬಾಟ್ಲಿ?"

"ಅದನ್ನ ಮುಟ್ಟಿಲ್ಲರೀ! ಅದು ನಿಮ್ಮ ಗೆಳ್ಯಾಗ ಕೊಡೂದೈತಿ, ಮುಟ್ಟಬ್ಯಾಡ ಅಂತ ಶಾಂಭವಿ ಹೇಳಿದ್ಲು. ಇಟ್ಟಂಗ ಐತಿ ನೋಡ್ರಿ."

ಇಟ್ಟ ಹಾಗೆಯೇ ಇತ್ತು. ಜಗ್ಗಿನ ವಿಸ್ಕಿ, ಓಮದ ಅರ್ಕ, ಲಿಕ್ವಿಡ್ ಸ್ಮೋಕ್. ಹೊರಗೆ ಚಿದಂಬರನ ಕಾರಿನ ಹಾರ್ನ್ ಆಯಿತು.

ಬೇಸ್‌ಮೆಂಟಿನಲ್ಲಿ ಇಬ್ಬರೂ ಎದುರುಬದುರು ಕೂತರು. ಮೇಜಿನ ಮೇಲೆ ಎರಡು ಬಾಟಲಿ. ಚಿದಂಬರನದು ಮುದ್ರೆ ಒಡೆಯದೆ ಮದುಮಗಳಂತೆ ನಿಂತಿತ್ತು. ಹೋಗಲಿ, ಅದಾದರೂ ಇದೆಯಲ್ಲ ಎಂದು ದಾನಪ್ಪ ಜೀವ ಹಿಡಿದುಕೊಂಡ. ಆದರೆ ನಿಜ ಹೇಳಿದರೆ? ಡೆಟ್ರಾಯಿಟ್‌ನಿಂದ ಶಿಕಾಗೋವರೆಗೆ ಪ್ರತಿ ಕನ್ನಡದ ಮನೆಯಲ್ಲಿ ನಗು. ಈ ದೇಶದಲ್ಲಿ ಅವನು ಗಳಿಸಿದ್ದು ವಿಸ್ಕಿ ಬಲ್ಲವನೆಂಬ ಹೆಸರೊಂದೇ.

"ಸೀಲ್ ಒಡೆದುಬಿಟ್ಟಿದೀಯಲ್ಲೋ?"

"ಗಾಳಿ ಆಡ್ಲಿ ಅಂತ," ಎಂದು ದಾನಪ್ಪ ತನ್ನ ಬಾಟಲಿಯಿಂದಲೇ ಮೊದಲು ಸುರಿದುಕೊಟ್ಟ.

ಚಿದಂಬರ ಗ್ಲಾಸನ್ನು ಮೂಗಿಗೆ ಹಿಡಿದು ಕಣ್ಣುಮುಚ್ಚಿದ. ಒಂದು ಗುಟುಕು ತೆಗೆದುಕೊಂಡು ಬಾಯಲ್ಲಿ ಹೊರಳಾಡಿಸಿದ. ಹುಬ್ಬು ಗಂಟಾಯಿತು. "ಹೊಗೆ ಸರಿ. ಆದ್ರೆ ಹಿಂದೇನೋ ಇದೆ ಕಣೋ. ಒಂಥರಾ ಸೊಪ್ಪಿನ ಖಾರ. ಅವತ್ತು ಅಂಗಡೀಲಿ ಇದಿರ್ಲಿಲ್ಲ. ಏನಿದು?"

ದಾನಪ್ಪ ಸುಮ್ಮನಿದ್ದಿದ್ದರೆ ಬದುಕುತ್ತಿದ್ದ. ಆದರೆ ಡನ್‌ವ್ಯಾರಿಕ್ ಬಗ್ಗೆ ಪ್ರಶ್ನೆ ಕೇಳಿದರೆ ಸುಮ್ಮನಿರುವುದು ಅವನ ಜಾತಕದಲ್ಲೇ ಇರಲಿಲ್ಲ. "ಅದ ನೋಡು ಅಸಲಿ ಗುಟ್ಟು! ಆ ದ್ವೀಪದಾಗ ಪೀಟ್ ಕಡಿಯೂ ಜಾಗಾದಾಗ ಒಂದು ಕಾಡುಗಿಡ ಬೆಳೀತಿತ್ತು. ಅದರ ಬೇರು ಪೀಟಿನಾಗ ಸೇರಿ, ಅದರ ಘಮ ಹೊಗಿಯಾಗ ಸೇರಿ, ವಿಸ್ಕಿಯಾಗ ಬರ್ತದ. ವರ್ಷಗಟ್ಲೆ ಬಾಟ್ಲಿಯಾಗ ಇದ್ದ ಮ್ಯಾಲನ ಅದು ಮೇಲೇಳೂದು. ಈ ಘಮ ಇಲ್ಲಂದ್ರ ಅದು ಡನ್‌ವ್ಯಾರಿಕ್ ಅಲ್ಲ, ಖೋಟಾ ಮಾಲು."

"ಇಷ್ಟು ವರ್ಷ ಇದನ್ನ ಹೇಳೇ ಇರ್ಲಿಲ್ವಲ್ಲೋ ಕಳ್ಳ!" ಚಿದಂಬರನ ಮುಖ ಅರಳಿತು. ಎರಡನೆಯ ಗುಟುಕಿಗೆ ಅವನಿಗೆ ಕಾಡುಗಿಡ ಕಂಡಿತು, ಮೂರನೆಯದಕ್ಕೆ ಹೂವು ಕಂಡಿತು. ಫೋನ್ ಎದುರು ಹಿಡಿದು, ಶಿಕಾಗೋದ ತನ್ನ ವಿಸ್ಕಿ ಗೆಳೆಯರ ಗುಂಪಿಗೆ ವಿಡಿಯೊ ಮಾಡಿ ಕಳಿಸಿದ: "ಇದು ಕಣ್ರಪ್ಪ ಅಸಲಿ! ನಮ್ಮ ದಾನಪ್ಪನ ಮಾತಲ್ಲೇ ಹೇಳೋದಾದ್ರೆ, ಈ ಘಮ ಇಲ್ದೇ ಇದ್ರೆ ಖೋಟಾ!" ದಾನಪ್ಪ ಪಕ್ಕದಲ್ಲಿ ಗೋಣು ಹಾಕಿದ.

ಆಮೇಲೆ ಚಿದಂಬರ ತನ್ನ ಬಾಟಲಿಯ ಮುದ್ರೆ ಒಡೆದು ಎರಡು ಗ್ಲಾಸಿಗೆ ಸುರಿದ. ದಾನಪ್ಪ ಒಂದನ್ನು ಎತ್ತಿ ಗುಟುಕರಿಸಿದ. ಹೊಗೆ ಬಂತು. ಟಿಂಚರ್ ಬಂತು. ಹದಿನೈದು ವರ್ಷದ ಹಿಂದಿನ ಆ ಅಂಗಡಿ, ಆ ಮುದುಕ, ನಾಲಗೆಯ ಮೇಲೆ ಆ ಉಪ್ಪು...

ಜೇನು ಬರುವುದರೊಳಗೆ, ತಾನೂ ಗುಟುಕರಿಸಿ ನೋಡಿದ್ದ ಚಿದಂಬರ ಅವನ ಕೈಯಿಂದ ಗ್ಲಾಸ್ ಕಿತ್ತುಕೊಂಡ. "ಬೇಡ ಕಣೋ, ಬಾಯಿ ಕೆಡಿಸ್ಕೋಬೇಡ! ಇದ್ರಲ್ಲಿ ನಿನ್ನ ಗಿಡಾನೇ ಇಲ್ಲ. ಆ ಮುದುಕ ನಂಗೆ ಟೋಪಿ ಹಾಕ್ಬಿಟ್ಟ, ದರಿದ್ರದವ್ನು! ಹದಿನೈದು ವರ್ಷ ಖೋಟಾ ಮಾಲು ಕಾಯ್ಕೊಂಡಿದ್ನಲ್ಲೋ!" ಗ್ಲಾಸಿನಲ್ಲಿದ್ದುದನ್ನೆಲ್ಲ ಸಿಟ್ಟಿನಿಂದ ಮತ್ತೆ ಬಾಟಲಿಗೆ ಸುರಿದ.

"ಇರ್ಲಿ ಬಿಡೊ, ಚೆಲ್ಲಬ್ಯಾಡ. ನನಗ ಕೊಡು, ನಾ ಇಟ್ಕೋತೀನಿ."

"ಏನಂದೆ? ನಿನ್ನಂಥವನ ಮನೇಲಿ ಖೋಟಾ ಬಾಟ್ಲಿ ಇರ್ಬೇಕಾ? ನಂಗೂ ಸ್ವಲ್ಪ ಮಾನ ಇದೆ ಕಣೋ."

ಮೆಟ್ಟಿಲ ಮೇಲೆ ಬಳೆಯ ಸದ್ದಾಯಿತು. ಗ್ಲಾಸುಗಳು ಸರಕ್ಕನೆ ಮೇಜಿನ ಕೆಳಗೆ ಹೋದವು. ಬಂದು ಒಂದು ತಿಂಗಳಾದರೂ ಬೇಸ್‌ಮೆಂಟಿನ ಮೆಟ್ಟಿಲು ಇಳಿಯಲಾಗದಿದ್ದ ಶಿವಕ್ಕ ಈಗ ಮಿರ್ಚಿ ಭಜಿಯ ತಟ್ಟೆ ಹಿಡಿದು ಹುಡುಗಿಯಂತೆ ಇಳಿದುಬಂದರು. ಎರಡನೆಯ ಬಾಟಲಿ ಕಂಡು ನಿಂತರು.

"ಡಾಕ್ಟ್ರ, ನಿಮ್ಮ ಹಂತ್ಯಾಕನೂ ಈ ಮೊಣಕಾಲಿನ ಔಷಧಿ ಐತೇನ್ರೀ?"

ಚಿದಂಬರ ಒಂದು ಗಳಿಗೆ ದಾನಪ್ಪನ ಮುಖ ನೋಡಿದ. ಸಂಗತಿ ಅರ್ಥವಾಗಿ, ಕಣ್ಣು ಮಿಟುಕಿಸಿ, ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಶಿವಕ್ಕನಿಗೆ ಒಪ್ಪಿಸಿದ. "ಅದೇ ಔಷಧಿ ಅಮ್ಮಾ, ಸ್ವಲ್ಪ ಕಮ್ಮಿ ದರ್ಜೆದು. ಪೂರ್ತಿ ನೀವೇ ಹಚ್ಕೊಳ್ಳಿ, ಬೇರೆಯವ್ರಿಗೂ ಹಚ್ಚಿ."

ದಾನಪ್ಪನ ಗಂಟಲಿನಿಂದ ಒಂದು ಸದ್ದು ಬಂತು. ಇಬ್ಬರೂ ತಿರುಗಿ ನೋಡಿದರು. ಅವನು ಎರಡೂ ಕೈಯಲ್ಲಿ ತಲೆ ಹಿಡಿದು ಕೂತಿದ್ದ.

"ಯಾಕ್ರೀ ಅಳಿಯಂದ್ರ, ತಲಿ ನೋವೇನು? ಬ್ಯಾರೆಯವರ ನೋವು ನೋಡ್ಕೊಂಡು ತಮ್ಮದನ್ನ ಹೇಳಂಗಿಲ್ಲ ನೋಡ್ರಿ, ಇಂಥಾವ್ರು!" ಶಿವಕ್ಕ ಅಂಗೈ ತುಂಬ ಸುರಿದುಕೊಂಡು ಅವನ ಹಣೆಗೆ ಹಚ್ಚಿ, ತಾಯಿಯ ಮಮತೆಯಿಂದ ತಿಕ್ಕತೊಡಗಿದರು. ಹೊಗೆ, ಟಿಂಚರ್, ಕಡಲು ಎಲ್ಲ ಅವನ ಸುತ್ತ ಆವರಿಸಿದವು. ಒಂದು ಹನಿ ಹುಬ್ಬಿನಿಂದ ಜಾರಿ, ಮೂಗಿನ ಪಕ್ಕದಿಂದ ಇಳಿದು, ಮೇಲ್ತುಟಿಯ ಅಂಚಿಗೆ ಬಂದು ನಿಂತಿತು. ದಾನಪ್ಪ ಮೆಲ್ಲಗೆ ನಾಲಗೆ ಚಾಚಿದ.

"ಹಾಂ ಹಾಂ, ನಾಲಿಗಿ ಒಳಗ ತಗೋರಿ! ಒಳಗ ಹ್ವಾದ್ರ ವಿಷ ಅಂತ ನೀವ ಹೇಳೀರೆಲ್ಲ?" ಎಂದ ಶಿವಕ್ಕ, ಸೆರಗಿನ ಚುಂಗಿನಿಂದ ಆ ಹನಿಯನ್ನು ಒರೆಸಿಬಿಟ್ಟರು.